ನೆಲಗುಬ್ಬಿಯ ಬಣ್ಣ ಆಮೇಲೆ, ಹಾರಾಟ ಮೊದಲು ನೋಡಿ

ಬಯಲಲ್ಲಿ ಕಂಡ ಕಂದು ಹಕ್ಕಿಯ ಫೋಟೋ ಕಳಿಸಿ "ಸರ್, ಇದು ಯಾವ ಹಕ್ಕಿ?" ಅಂತ ಕೇಳುವವರು ಜಾಸ್ತಿ. ಅವರಿಗೆ ನನ್ನ ಮೊದಲ ಪ್ರಶ್ನೆ, ಅದು ಏನು ಮಾಡ್ತಾ ಇತ್ತು? ಬಯಲು ಹಕ್ಕಿಗಳು ಹೆಚ್ಚಿನವು ಮಣ್ಣಿನ ಬಣ್ಣದವೇ ಅಲ್ವಾ, ಬಣ್ಣ ನಂಬಿ ಕೂತರೆ ಗೊಂದಲ ತಪ್ಪಿದ್ದಲ್ಲ.

ಬೂದುತಲೆ ನೆಲಗುಬ್ಬಿಯನ್ನೇ ನೋಡಿ. ಬೆಂಗಳೂರು ಹತ್ತಿರದ ಹೆಸರಘಟ್ಟದ ಹುಲ್ಲುಗಾವಲು, ಬಯಲುಸೀಮೆಯ ಉತ್ತ ಹೊಲ, ಬೀಳು ಬಿಟ್ಟ ಜಮೀನು, ಎಲ್ಲ ಕಡೆ ಸಿಗುತ್ತದೆ. ಗುಬ್ಬಚ್ಚಿಗಿಂತ ಚಿಕ್ಕದು, 12-13 ಸೆಂ.ಮೀ. ಗಂಡಿನ ಗುರುತು ಸುಲಭ: ನೆತ್ತಿ ಬೂದು, ಕೆನ್ನೆ ಬಿಳಿಚು, ಗದ್ದದಿಂದ ಹೊಟ್ಟೆಯವರೆಗೂ ಕಪ್ಪು. ತೊಂದರೆ ಇರುವುದು ಹೆಣ್ಣಿನದು. ನೋಡಲು ಥೇಟ್ ಹೆಣ್ಣು ಗುಬ್ಬಚ್ಚಿ. ಆದರೆ ಗುಬ್ಬಚ್ಚಿ ಕುಪ್ಪಳಿಸುತ್ತದೆ, ಇದು ಗಿಡ್ಡ ಕಾಲಲ್ಲಿ, ಮೈಯನ್ನು ನೆಲಕ್ಕೆ ಒತ್ತಿಕೊಂಡು ಸರಸರ ನಡೆಯುತ್ತದೆ. ಮರದ ಮೇಲಂತೂ ಕೂರುವುದಿಲ್ಲ.

ಗಂಡಿನ ಹಾರಾಟ ಒಮ್ಮೆ ಕಂಡರೆ ಮರೆಯುವುದಿಲ್ಲ. ರೆಕ್ಕೆ ಬಡಿಯುತ್ತಾ ಸುಮಾರು 30 ಮೀಟರ್ ಏರಿ, ತಟ್ಟನೆ ರೆಕ್ಕೆ ಮಡಚಿ ಕಲ್ಲಿನಂತೆ ಕೆಳಗೆ ಬೀಳುತ್ತದೆ, ಅರ್ಧದಾರಿಯಲ್ಲೇ ಮತ್ತೆ ಮೇಲೇಳುತ್ತದೆ, ಮತ್ತೆ ಧುಮುಕುತ್ತದೆ, ಧುಮುಕುವಾಗೆಲ್ಲ ಎಳೆದು ಸಿಳ್ಳೆ ಹಾಕುತ್ತದೆ. ಕೊನೆಗೆ ಯಾವುದೋ ಹೆಂಟೆಯ ಮೇಲೆ ಇಳಿಯುತ್ತದೆ.

ಅದೇ ಬಯಲಲ್ಲಿರುವ, ಇದರದೇ ಬಳಗದ ಇನ್ನೊಂದು ಕಂದು ಹಕ್ಕಿ ಜರ್ಡನ್ ಬುಷ್‌ಲಾರ್ಕ್ ಹೀಗೆ ಮಾಡುವುದಿಲ್ಲ. ಪೊದೆಯಿಂದಲೋ ತಂತಿಯಿಂದಲೋ ಸ್ವಲ್ಪ ಮೇಲೆ ಹಾರಿ, ರೆಕ್ಕೆ ಎತ್ತಿ ಹಿಡಿದು, ಕಾಲು ಇಳಿಬಿಟ್ಟು ತೇಲುತ್ತಾ ಇಳಿಯುತ್ತದೆ. ಮತ್ತೊಂದು ಕಂದು ಬಯಲು ಹಕ್ಕಿ ಗದ್ದೆ ಪಿಪಿಟ್ ಆದರೆ ಮೈ ಸಪೂರ, ಕಾಲು ಉದ್ದ, ಬಾಲ ಕುಣಿಸುತ್ತಲೇ ಇರುತ್ತದೆ.

ನೆಲಗುಬ್ಬಿಯ ಗೂಡೂ ನೆಲದಲ್ಲೇ. ಹುಲ್ಲಿನ ಬುಡದಲ್ಲೋ ಹೆಂಟೆಯ ಮರೆಯಲ್ಲೋ ಸಣ್ಣ ಗುಳಿ, ಒಳಗೆ ಒಣಹುಲ್ಲು, ಎಷ್ಟೋ ಸಲ ಅಂಚಿಗೆ ಪುಟ್ಟ ಕಲ್ಲುಗಳು. ಎರಡೋ ಮೂರೋ ಮೊಟ್ಟೆ. ಅಪಾಯ ಕಂಡರೆ ಹಕ್ಕಿ ಅಲ್ಲೇ ನೆಲಕ್ಕೆ ಅಂಟಿ ಕೂರುತ್ತದೆ, ಕಾಲಡಿಗೆ ಬರುವವರೆಗೂ ನಮಗೆ ಕಾಣುವುದಿಲ್ಲ. ಹಾಗಾಗಿ ಹುಲ್ಲುಗಾವಲಲ್ಲಿ ಸುಮ್ನೆ ಜೀಪು ಓಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪಾಳು ಭೂಮಿ ಅಂದುಕೊಂಡು ಸಸಿ ನೆಡಲು ಗುಂಡಿ ತೋಡುವುದೂ ಅಷ್ಟೇ ಕೆಟ್ಟದ್ದು. ಮರ ಬೆಳೆದು ನಿಂತ ಕಡೆ ಈ ಹಕ್ಕಿ ಇರುವುದಿಲ್ಲ.

ಗೂಡು ಹುಡುಕಲು ಹೋಗಬೇಡಿ. ಕೊಕ್ಕಿನಲ್ಲಿ ಹುಳ ಹಿಡಿದ ಜೋಡಿ ನಿಮ್ಮ ಸುತ್ತ ಸುಳಿದಾಡುತ್ತಿದ್ದರೆ ಮರಿಗಳು ಅಲ್ಲೇ ಹತ್ತಿರ ಇವೆ ಅಂತ ಅರ್ಥ. ಕ್ಯಾಮೆರಾ ಇಳಿಸಿ, ಕಾಲಡಿ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.