ಹಾವಸೆ ಮೇಲೆ ತಪ್ಪು ಹಾಕೋ ಮೊದ್ಲು

ಮಳೆಗಾಲ ಹಿಡೀತು ಅಂದ್ರೆ ಶಿವಮೊಗ್ಗದ ನಮ್ಮಂಥ ಫಿಸಿಯೋಥೆರಪಿಸ್ಟ್‌ಗಳ ಹತ್ರ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮಣಿಕಟ್ಟು ಮುರ್ಕೊಂಡ, ಸೊಂಟದ ಆಪರೇಷನ್ ಆದ ವಯಸ್ಸಾದೋರು ಬರೋಕೆ ಶುರುವಾಗತ್ತೆ, ಎಲ್ರದ್ದೂ ಹೆಚ್ಚುಕಮ್ಮಿ ಒಂದೇ ಮಾತು, "ಏನಿಲ್ಲ ಮಾರಾಯ್ತಿ, ಅಂಗಳದಲ್ಲಿ ಹಾವಸೆ ಇತ್ತು, ಕಾಲು ಜಾರ್ತು ಅಷ್ಟೆ." ಸುಳ್ಳಲ್ಲ ಅದು. ಆದ್ರೆ ಅದೇ ಅಂಗಳದಲ್ಲಿ ಸೊಸೆಯೂ ಓಡಾಡ್ತಾಳೆ, ಮೊಮ್ಮಕ್ಕಳೂ ಕುಣೀತಾವೆ, ಅವ್ರ ಕಾಲೂ ಜಾರತ್ತೆ, ಆದ್ರೆ ನೆಲ ಸೇರೋ ಮೊದ್ಲೇ ಸಾವರಿಸ್ಕೋತಾರೆ. ನಿಮಗೆ ಯಾಕೆ ಸಾವರಿಸ್ಕೊಳ್ಳೋಕೆ ಆಗ್ಲಿಲ್ಲ? ಈ ಪ್ರಶ್ನೆ ಕೇಳಿದ್ರೆ ಕೆಲವ್ರಿಗೆ ಬೇಜಾರಾಗತ್ತೆ, ಗೊತ್ತು, ಆದ್ರೂ ನಾನು ಕೇಳ್ತೀನಿ. ಯಾಕಂದ್ರೆ ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜೋದು, ಸೋಗೆ ಹಾಸೋದು, ದಬ್ಬೆ ಹಾಕೋದು ಎಲ್ಲ ನಮ್ಮೋರಿಗೆ ಗೊತ್ತಿರೋದೇ, ಹೇಳ್ಕೊಡ್ಬೇಕಾಗಿಲ್ಲ. ಮೈಯೊಳಗಿನ ಕಾರಣ ಮಾತ್ರ ಯಾರೂ ಹುಡುಕಲ್ಲ.

ಮೊದ್ಲು ನಿಮ್ಮನ್ನೇ ಮೂರು ವಿಷಯ ಕೇಳ್ಕೊಳ್ಳಿ. ಹೋದ ಒಂದು ವರ್ಷದಲ್ಲಿ ಒಂದ್ಸಲನಾದ್ರೂ ಬಿದ್ದಿದೀರಾ, ಪೆಟ್ಟಾಗಿಲ್ಲ ಅಂದ್ರೂ ಲೆಕ್ಕಕ್ಕೆ ತಗೊಳ್ಳಿ. ನಿಂತಾಗ, ನಡೆಯೋವಾಗ ಓಲಾಡಿದ ಹಂಗಾಗತ್ತಾ. ಬಿದ್ಬಿಡ್ತೀನೇನೋ ಅನ್ನೋ ಹೆದರಿಕೆ ಇದ್ಯಾ. ಒಂದಕ್ಕೆ ಹೌದು ಅಂದ್ರೂ ಮುಂದಿಂದು ಓದಿ.

ಮನೇಲೇ ಮಾಡ್ಬಹುದಾದ ಪರೀಕ್ಷೆ ಇದೆ. ಕೈ ಇಲ್ಲದ ಗಟ್ಟಿ ಕುರ್ಚಿ ಒಂದನ್ನ ಗೋಡೆಗೆ ಒತ್ತಿ ಇಡಿ (ಪ್ಲಾಸ್ಟಿಕ್ ಕುರ್ಚಿ ಬೇಡ, ನುಣುಪು ನೆಲದ ಮೇಲೆ ಹಿಂದಕ್ಕೆ ಹೋಗತ್ತೆ), ಕೈ ಎರಡೂ ಎದೆ ಮೇಲೆ ಕಟ್ಕೊಂಡು, 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರ್ತೀರಿ ಅಂತ ಮನೆಯವ್ರು ಯಾರಾದ್ರೂ ಪಕ್ಕದಲ್ಲಿ ನಿಂತು ಎಣಿಸ್ಲಿ. 65ರಿಂದ 69ರ ಗಂಡಸರು 12ಕ್ಕಿಂತ ಕಡಿಮೆ, ಹೆಂಗಸರು 11ಕ್ಕಿಂತ ಕಡಿಮೆ ಮಾಡಿದ್ರೆ ಕಾಲಿನ ಶಕ್ತಿ ವಯಸ್ಸಿಗೆ ತಕ್ಕಂಗಿಲ್ಲ ಅಂತ ಅರ್ಥ. 80ರಿಂದ 84ರೊಳಗಿನೋರಿಗೆ ಇದೇ ಲೆಕ್ಕ 10 ಮತ್ತು 9. ಕೈ ಊರದೆ ಏಳೋಕೇ ಆಗ್ಲಿಲ್ಲ ಅಂದ್ರೆ ಸೊನ್ನೆ ಅಂತ್ಲೇ ಬರೀರಿ, ನಾಚ್ಕೆ ಏನಿಲ್ಲ. ಇನ್ನೊಂದು, ಗೋಡೆ ಪಕ್ಕ ನಿಂತ್ಕೊಂಡು ಒಂದು ಪಾದದ ಹಿಮ್ಮಡಿಯನ್ನ ಇನ್ನೊಂದರ ಬೆರಳಿಗೆ ತಾಗಿಸಿ ಒಂದೇ ಗೆರೆಯಲ್ಲಿ ನಿಲ್ಲೋದು. 10 ಸೆಕೆಂಡು ನಿಲ್ಲೋಕಾಗ್ಲಿಲ್ಲ ಅಂದ್ರೆ ಬೀಳೋ ಅಪಾಯ ಜಾಸ್ತಿ. ನಾವು ಕ್ಲಿನಿಕ್ಕಲ್ಲಿ ಮಾಡ್ಸೋದು ಇನ್ನೊಂದಿದೆ, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರೋದು, 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡೀತು ಅಂದ್ರೆ ನಾನು ಹುಷಾರಾಗ್ತೀನಿ, ಅದ್ರಲ್ಲೂ ತಿರುಗೋವಾಗ ಎಷ್ಟು ಸಣ್ಣ ಸಣ್ಣ ಹೆಜ್ಜೆ ಇಡ್ತಾರೆ ಅನ್ನೋದೇ ನನಗೆ ಸೆಕೆಂಡಿಗಿಂತ ಹೆಚ್ಚು ಹೇಳತ್ತೆ.

ಈಗ ಮಾತ್ರೆ ವಿಷಯ, ಇದನ್ನ ಸ್ವಲ್ಪ ಉದ್ದ ಹೇಳ್ತೀನಿ. "ಯಾವ ಹೊತ್ತಲ್ಲಿ ಬಿದ್ರಿ ಅಮ್ಮಾ?" ಅಂತ ಕೇಳಿದ್ರೆ ಎಷ್ಟೋ ಜನ ಹೇಳೋದು ರಾತ್ರಿ, ಉಚ್ಚೆಗೆ ಅಂತ ಎದ್ದಾಗ, ಕರೆಂಟ್ ಬೇರೆ ಇರ್ಲಿಲ್ಲ ಅಂತ. ಮಲಗಿದೋರು ದಡಕ್ಕನೆ ಎದ್ದಾಗ ರಕ್ತ ಕಾಲಿನ ಕಡೆ ಇಳಿಯತ್ತೆ, ವಯಸ್ಸಾದ ಮೈ ಅದನ್ನ ಬೇಗ ಮೇಲೆ ಕಳ್ಸಲ್ಲ, ತಲೆ ಧಿಮ್ಮನ್ನತ್ತೆ, ಬಚ್ಚಲಿನ ಹೊಸ್ತಿಲು ದಾಟೋ ಹೊತ್ತಿಗೆ ಕಣ್ಣು ಕತ್ತಲೆ. ಬಿಪಿ ಮಾತ್ರೆ, ಉಚ್ಚೆ ಹೋಗಿಸೋ ಮಾತ್ರೆ, ಗಂಡಸರ ಪ್ರಾಸ್ಟೇಟ್‌ಗೆ ಕೊಡೋ ಕೆಲವು ಮಾತ್ರೆ ಇದನ್ನ ಹೆಚ್ಚು ಮಾಡ್ತವೆ. ನಿದ್ದೆ ಮಾತ್ರೆಯಂತೂ ಬೇರೆಯೇ ಕಥೆ, ಮೆಡಿಕಲ್ ಶಾಪಿಂದ ಹಳೇ ಚೀಟಿ ತೋರ್ಸಿ ವರ್ಷಗಟ್ಟಲೆ ತಗೊಳ್ಳೋರಿದಾರೆ, ರಾತ್ರಿ ಎದ್ದಾಗ ಅವ್ರ ಕಾಲು ಅರ್ಧ ನಿದ್ದೇಲಿ ಇರತ್ತೆ. ಶೀತ, ತುರಿಕೆಗೆ ತಗೊಳ್ಳೋ ಕೆಲವು ಮಾತ್ರೆಗೂ ಮಂಪರು ಬರತ್ತೆ. ಶುಗರ್ ಮಾತ್ರೆ ತಗೊಂಡು ಊಟ ತಡ ಮಾಡಿದ್ರೆ ಶುಗರ್ ಇಳಿದು ಬೀಳ್ಬಹುದು. ಹಾಗಂತ ಇವತ್ತಿಂದ ಮಾತ್ರೆ ಬಿಟ್ಬಿಡ್ಬೇಡಿ ಮತ್ತೆ! ಆಯುರ್ವೇದದ್ದೂ ಸೇರಿಸಿ ಇರೋದನ್ನೆಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಡಾಕ್ಟರ್ ಹತ್ರ ಹೋಗಿ, ಮಲಗಿಸಿ ಒಂದ್ಸಲ, ನಿಂತ ಮೂರು ನಿಮಿಷದೊಳಗೆ ಇನ್ನೊಂದ್ಸಲ ಬಿಪಿ ನೋಡಿ ಅಂತ ಬಾಯ್ಬಿಟ್ಟು ಕೇಳಿ. ಮೇಲಿನ ನಂಬರ್ 20 ಅಥವಾ ಕೆಳಗಿಂದು 10 ಇಳಿದ್ರೆ ಮಾತ್ರೆ ಬದಲಾಯಿಸ್ಬೇಕಾ ಅಂತ ಅವ್ರು ಯೋಚ್ನೆ ಮಾಡ್ತಾರೆ. ಸಾಮಾನ್ಯವಾಗಿ ಎಲ್ರೂ ಕೂರ್ಸಿಯೇ ನೋಡೋದ್ರಿಂದ ಇದು ಸಿಕ್ಕಿಬೀಳೋದೇ ಇಲ್ಲ. ಅಲ್ಲೀವರೆಗೆ ರಾತ್ರಿ ಎದ್ದಾಗ ಮಂಚದ ಅಂಚಲ್ಲಿ ಎರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡ್ಸಿ, ಆಮೇಲೆ ಏಳಿ. ದಿಂಬಿನ ಹತ್ರ ಟಾರ್ಚ್ ಇರ್ಲಿ, ಮೊಬೈಲ್ ಟಾರ್ಚ್ ಹುಡುಕೋಕೆ ಹೋದ್ರೆ ಅಷ್ಟೊತ್ತಿಗೆ ಅವಸರ ಆಗಿರತ್ತೆ.

ಶುಗರ್ ಇದ್ದೋರು ಪಾದ ನೋಡ್ಕೊಳ್ಳಿ. ಜೋಮು, ಉರಿ, ಚಪ್ಪಲಿ ಕಳಚಿದ್ದೂ ಗೊತ್ತಾಗದೇ ಇರೋದು ಇದೆಲ್ಲ ನರದ ತೊಂದರೆ, ನೆಲ ಹೇಗಿದೆ ಅನ್ನೋ ಸುದ್ದಿ ಮೆದುಳಿಗೆ ಹೋಗೋದೇ ಇಲ್ಲ. ಅಂಥೋರು ಸವೆದ ಹವಾಯಿ ಚಪ್ಪಲಿ ಹಾಕ್ಕೊಂಡು ತೋಟಕ್ಕೆ ಇಳಿಯೋದು ನೋಡಿದ್ರೆ ನನಗೆ ಎದೆ ಝಲ್ ಅನ್ನತ್ತೆ, ಹಿಮ್ಮಡಿಗೆ ಪಟ್ಟಿ ಇರೋದು ತಗೊಳ್ಳಿ. ಕಣ್ಣಿನ ಪೊರೆ ಇದ್ರೆ ತೆಗೆಸಿ, "ಮಳೆಗಾಲ ಮುಗೀಲಿ" ಅಂತ ಮುಂದೂಡ್ಬೇಡಿ. ಎರಡು ಗ್ಲಾಸಿನ ಕನ್ನಡಕದೋರಿಗೆ ಮೆಟ್ಟಿಲು ಇಳಿಯೋವಾಗ ಕೆಳಗಿನ ಗ್ಲಾಸಲ್ಲಿ ಮೆಟ್ಟಿಲು ಮಸುಕಾಗತ್ತೆ, ಕತ್ತು ಬಗ್ಗಿಸಿ ಮೇಲಿನ ಗ್ಲಾಸಲ್ಲೇ ನೋಡಿ ಇಳೀರಿ. ಮತ್ತೆ ಕೊಡೆ ಊರ್ಕೊಂಡು ನಡೆಯೋ ಅಭ್ಯಾಸ, ನಮ್ಮ ಕಡೆ ಸುಮಾರು ಅಜ್ಜಂದಿರಿಗಿದೆ, ಕೊಡೆ ತುದಿ ಒದ್ದೆ ಸಿಮೆಂಟಲ್ಲಿ ಸರ್ರಂತ ಜಾರತ್ತೆ. ಕೋಲೇ ತಗೊಳ್ಳಿ, ತುದಿಗೆ ರಬ್ಬರ್ ಇರ್ಲಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆವರೆಗೆ ಎತ್ತರ ಇರ್ಬೇಕು, ನೋವಿರೋ ಕಾಲು ಎಡಗಡೆದಾದ್ರೆ ಕೋಲು ಬಲಗೈಯಲ್ಲಿ. ಇದನ್ನ ಹೆಚ್ಚಿನೋರು ಉಲ್ಟಾ ಹಿಡೀತಾರೆ.

ಬಿದ್ದ ಮೇಲೆ ಮನೆಯವ್ರು ಮಾಡೋ ಕೆಲಸ ಒಂದಿದೆ, ಅದು ನನಗೆ ಒಪ್ಪಿಗೆ ಇಲ್ಲ. ಬೆಂಗಳೂರಿಂದ ಮಗ ಫೋನ್ ಮಾಡಿ "ಅಪ್ಪಯ್ಯ ಇನ್ಮೇಲೆ ತೋಟಕ್ಕೆ ಹೋಗೋದೇ ಬೇಡ, ಜಗಲಿ ಮೇಲೆ ಕೂತಿರಿ" ಅಂತಾನೆ. ಪ್ರೀತಿಯೇ ಅದು, ಆದ್ರೆ ಕೂತು ಕೂತು ತೊಡೆ ಕರಗತ್ತೆ, ಮುಂದಿನ ಸಲ ಹಾವಸೆ ಬೇಡ, ಒಣ ನೆಲದಲ್ಲೇ ಬೀಳ್ತಾರೆ. ಮುಂಚೆ ಮಣೆ ಮೇಲೆ ಕೂತು ಉಣ್ಣೋದು, ನೆಲದಿಂದ ದಿನಕ್ಕೆ ಎಷ್ಟೋ ಸಲ ಏಳೋದು ಇತ್ತು, ಅದೇ ವ್ಯಾಯಾಮ ಆಗ್ತಿತ್ತು. ಈಗ ಡೈನಿಂಗ್ ಟೇಬಲ್ಲು, ಸೋಫಾ. ನ್ಯೂಜಿಲೆಂಡಿನ ಒಟಾಗೋ ಅನ್ನೋ ಕಡೆ ವಯಸ್ಸಾದೋರಿಗೇ ಅಂತ ಮಾಡಿದ ವ್ಯಾಯಾಮದ ಪದ್ಧತಿ ಇದೆ, ಕಾಲಿನ ಶಕ್ತಿ ಮತ್ತು ಬ್ಯಾಲೆನ್ಸ್ ಎರಡಕ್ಕೂ ವಾರಕ್ಕೆ ಮೂರು ದಿನ ಮನೇಲೇ ಮಾಡೋದು, ಪರೀಕ್ಷೆ ಮಾಡಿದಾಗ ಬೀಳೋದು ಸುಮಾರು ಮೂರನೇ ಒಂದು ಭಾಗ ಕಡಿಮೆ ಆಗಿತ್ತು. ನಾನು ಶುರು ಮಾಡ್ಸೋದೂ ಅದ್ರಲ್ಲಿರೋದನ್ನೇ, ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು, ಕಾಲ್ಬೆರಳು ಎತ್ತೋದು, ಪಕ್ಕಕ್ಕೆ ನಡೆಯೋದು, ಕುರ್ಚಿಯಿಂದ ಏಳೋದು ಕೂರೋದು. ಹಿಡಿತ ಮೊದ್ಲು ಎರಡು ಕೈ, ಆಮೇಲೆ ಒಂದು, ಆಮೇಲೆ ಬೆರಳು ಮಾತ್ರ. ಬರೀ ವಾಕಿಂಗ್ ಸಾಕು ಅನ್ನೋರಿಗೆ ಹೇಳ್ತೀನಿ, ಸಾಕಾಗಲ್ಲ. ವಾಕಿಂಗ್‌ನಿಂದ ಬ್ಯಾಲೆನ್ಸ್ ಅಷ್ಟಾಗಿ ಸುಧಾರಿಸಲ್ಲ.

ಇಷ್ಟಾದ್ಮೇಲೂ ಬಿದ್ರಿ ಅಂತಿಟ್ಕೊಳ್ಳಿ. ತಕ್ಷಣ ಯಾರೂ ಕಂಕುಳಿಗೆ ಕೈ ಹಾಕಿ ಎತ್ಬೇಡಿ. ಸೊಂಟ ಅಥವಾ ತೊಡೆಸಂದಿ ನೋವು ಜೋರಿದ್ದು ಕಾಲು ಊರೋಕಾಗ್ಲಿಲ್ಲ, ಕಾಲು ಗಿಡ್ಡವಾಗಿ ಹೊರಗಡೆ ತಿರುಗಿದೆ ಅಂದ್ರೆ ಅಲ್ಲೇ ಬೆಚ್ಚಗೆ ಹೊದಿಸಿ, ಏನೂ ತಿನ್ಸಬೇಡಿ, 108ಕ್ಕೆ ಫೋನ್ ಮಾಡಿ. ಹಂಗೇನೂ ಇಲ್ಲ ಅಂದ್ರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಲ್ಲಿ ಗಟ್ಟಿ ಕುರ್ಚಿವರೆಗೆ ಹೋಗಿ, ಎರಡೂ ಕೈ ಅದ್ರ ಮೇಲೆ ಇಟ್ಟು, ಗಟ್ಟಿ ಇರೋ ಕಾಲನ್ನ ಮುಂದೆ ಮಡ್ಚಿ ಒತ್ತಿ ಎದ್ದು, ತಿರುಗಿ ಕೂರಿ. ಒಂಟಿಯಾಗಿರೋರು ಇದನ್ನ ಮೈ ಚೆನ್ನಾಗಿರೋವಾಗ್ಲೇ ಯಾರನ್ನಾದ್ರೂ ಪಕ್ಕದಲ್ಲಿ ಇಟ್ಕೊಂಡು ಒಂದ್ಸಲ ಮಾಡಿ ನೋಡಿ.

ನಿಂತಲ್ಲಿಂದ ಬಿದ್ದಿದ್ದಕ್ಕೇ ಮಣಿಕಟ್ಟು ಮುರೀತು ಅಂದ್ರೆ ಬ್ಯಾಂಡೇಜ್ ಬಿಚ್ಚಿದ್ಮೇಲೆ ಮರೀಬೇಡಿ, ಮೂಳೆ ಟೊಳ್ಳಾಗಿದ್ಯಾ ಅನ್ನೋ ಪರೀಕ್ಷೆ ಮಾಡ್ಸಿ. ಮತ್ತೆ ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ತಲೆಗೆ ಪೆಟ್ಟು ಬಿದ್ರೆ, ಎಷ್ಟೇ ಸಣ್ಣದಿರ್ಲಿ, ಆವತ್ತೇ ಆಸ್ಪತ್ರೆಗೆ ಹೋಗಿ. ಬೇರೆಯೋರಲ್ಲೂ ಬಿದ್ದು ವಾರಗಳಾದ್ಮೇಲೆ ತಲೆನೋವು, ಮಂಕು, ಮಾತು ತೊದಲೋದು, ಒಂದು ಕಾಲು ಎಳೆಯೋದು ಶುರುವಾಗ್ಬಹುದು, ಮೆದುಳಿನ ಮೇಲೆ ನಿಧಾನಕ್ಕೆ ರಕ್ತ ಕಟ್ಟಿರತ್ತೆ, ಮನೆಯವ್ರು ಅದನ್ನ ವಯಸ್ಸಾಯ್ತಲ್ಲ ಅಂತ ಬಿಟ್ಬಿಡ್ತಾರೆ. ಡಾಕ್ಟರ್ ಹತ್ರ ಹೋದಾಗ ಹಿಂದಿನ ತಿಂಗಳು ಬಿದ್ದಿದ್ದನ್ನ ಅವ್ರು ಕೇಳದಿದ್ರೂ ನೀವೇ ಹೇಳಿ.