ನೀಲಿಯೇ ಇಲ್ಲದ ಕಡಲು

ಹಡಗಿನ ಕಂಬದ ತುದಿಗೇರಿದವನು ಹಾಯಿಪಟಕ್ಕೆ ಚೂರಿ ಚುಚ್ಚಿ, ಅದರ ಹಿಡಿಗೆ ಜೋತುಬೀಳುತ್ತಾನೆ. ಬಟ್ಟೆ ಪರಪರ ಹರಿಯುತ್ತಿದ್ದಂತೆ ಸರ್ರನೆ ಕೆಳಕ್ಕೆ ಜಾರಿ ಬರುತ್ತಾನೆ. ಮುಂದೆ ಎಷ್ಟೋ ಸಿನಿಮಾಗಳು ಎರವಲು ಪಡೆದ ಈ ಸಾಹಸ ‘ದ ಬ್ಲ್ಯಾಕ್ ಪೈರೇಟ್’ ಎಂಬ ಅಮೆರಿಕದ ಮೂಕಿ ಚಿತ್ರದ್ದು. 1926ರ ಮಾರ್ಚ್‌ನಲ್ಲಿ ಅದು ತೆರೆಗೆ ಬಂದಾಗ ನಾಯಕ ಡಗ್ಲಸ್ ಫೇರ್‌ಬ್ಯಾಂಕ್ಸ್‌ಗೆ 42 ವರ್ಷ. ಕಡಲ್ಗಳ್ಳರ ಈ ಕಥೆ ಪೂರ್ತಿ ಬಣ್ಣದಲ್ಲಿದೆ. ಆದರೆ ಕಡಲು ಮಾತ್ರ ನೀಲಿಯಲ್ಲ.

ಬಣ್ಣದ ಸಿನಿಮಾ ತಂತ್ರ ರೂಪಿಸುತ್ತಿದ್ದ ಟೆಕ್ನಿಕಲರ್ ಕಂಪನಿಯ ಅಂದಿನ ಕ್ಯಾಮೆರಾ ಲೆನ್ಸಿನ ಹಿಂದೆ ಬೆಳಕನ್ನು ಎರಡಾಗಿ ಸೀಳುತ್ತಿತ್ತು. ಕೆಂಪು ಫಿಲ್ಟರಿನ ಮೂಲಕ ಒಂದು ಫ್ರೇಮು, ಹಸಿರಿನ ಮೂಲಕ ಇನ್ನೊಂದು, ಎರಡೂ ಒಂದೇ ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ. ಈ ಲೆಕ್ಕದಲ್ಲಿ ನೀಲಿಗೆ ಜಾಗವಿಲ್ಲ. ಮೈಬಣ್ಣ, ಮರ, ತೊಗಲು ಚೆನ್ನಾಗಿ ಬರುತ್ತಿದ್ದವು. ನೀರು ಪಾಚಿ ಬೆರೆತ ಬೂದಿಯಂತೆ. ಫೇರ್‌ಬ್ಯಾಂಕ್ಸ್ ಈ ಕೊರತೆಯ ಜೊತೆ ಗುದ್ದಾಡಲಿಲ್ಲ, ರಾಜಿಯಾದರು. ತಿಂಗಳುಗಟ್ಟಲೆ ಪರೀಕ್ಷೆ ಮಾಡಿಸಿ, ಹಳೆಯ ತೈಲಚಿತ್ರಗಳ ಮಂಕು ಕಂದು-ಹಸಿರನ್ನೇ ಆರಿಸಿಕೊಂಡು ಉಡುಪು, ಸೆಟ್ಟುಗಳನ್ನೆಲ್ಲ ಅದಕ್ಕೆ ಹೊಂದಿಸಿದರು. ಜಾಣತನ ಅಂದರೆ ಇದು.

ಕಾಟ ಶುರುವಾಗಿದ್ದು ಥಿಯೇಟರಿನಲ್ಲಿ. ಕೆಂಪು-ಕಿತ್ತಳೆ ಬಣ್ಣದ ಒಂದು ತೆಳು ಫಿಲ್ಮು, ಹಸಿರಿನದು ಇನ್ನೊಂದು. ಎರಡನ್ನೂ ಬೆನ್ನಿಗೆ ಬೆನ್ನು ಅಂಟಿಸಿದರೆ ಒಂದು ಪ್ರಿಂಟು. ಪ್ರೊಜೆಕ್ಟರ್ ದೀಪದ ಝಳಕ್ಕೆ ಅದು ಕೆಂಡದ ಮೇಲಿನ ಹಪ್ಪಳದಂತೆ ಮುದುಡುತ್ತಿತ್ತು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಆಪರೇಟರ್ ಫೋಕಸ್ ಸರಿಮಾಡುವಷ್ಟರಲ್ಲಿ ಚಿತ್ರ ಮತ್ತೆ ಮಸುಕು. ಚಿತ್ರವಿರುವ ಪದರ ಎರಡೂ ಬದಿಗಿದ್ದುದರಿಂದ ಗೀರುಗಳೂ ಎರಡರಷ್ಟು. ಕೆಟ್ಟ ಪ್ರಿಂಟುಗಳನ್ನು ಬದಲಿಸಿ ಕೊಡುವುದೇ ಕಂಪನಿಗೆ ಕೆಲಸವಾಯಿತು. 1928ರ ಹೊತ್ತಿಗೆ ಅದು ಅಂಟಿಸುವ ಪದ್ಧತಿ ಬಿಟ್ಟು, ಒಂದೇ ಫಿಲ್ಮಿನ ಮೇಲೆ ಬಣ್ಣ ಒತ್ತುವ ದಾರಿ ಹಿಡಿಯಿತು. ಮೂರು ಬಣ್ಣದ ಕ್ಯಾಮೆರಾ ಬಂದದ್ದು 1932ರಲ್ಲಿ.

ಆಮೇಲೆ ದಶಕಗಳ ಕಾಲ ಹೆಚ್ಚಿನವರು ಈ ಚಿತ್ರ ನೋಡಿದ್ದು ಕಪ್ಪು-ಬಿಳುಪಿನಲ್ಲೇ. ಆದರೂ ಬಣ್ಣ ಪೂರ್ತಿ ಕಳೆದುಹೋಗಿರಲಿಲ್ಲ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಸಂಗ್ರಹದಲ್ಲಿ ನೆಗೆಟಿವ್ ಉಳಿದಿತ್ತು. ನೋಡಲು ಬರೀ ಕಪ್ಪು-ಬಿಳುಪಾದರೂ ಕೆಂಪು-ಹಸಿರಿನ ಲೆಕ್ಕವೆಲ್ಲ ಅದರೊಳಗೇ ಭದ್ರವಾಗಿತ್ತು. ಈಚೆಗೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಚಿತ್ರವನ್ನು ಮರುಜೋಡಿಸಿವೆ. ಇದು ನಾಜೂಕಿನ ಕೆಲಸ: ಕೆಂಪು-ಹಸಿರಿನ ಜೋಡಿ ಫ್ರೇಮುಗಳು ಒಂದರ ಮೇಲೊಂದು ಕೂರುವಾಗ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಕೆಂಪು-ಹಸಿರು ಗೆರೆ ಇಣುಕುತ್ತದೆ.

ಇಂದಿನ ಕಂಪ್ಯೂಟರಿಗೆ ಆ ನೀರನ್ನು ಅಚ್ಚ ನೀಲಿ ಮಾಡುವುದು ಚಿಟಿಕೆ ಹೊಡೆದಷ್ಟೇ ಸಲೀಸು. ಹಾಗೆ ಮಾಡಿದ್ದರೆ ಫೇರ್‌ಬ್ಯಾಂಕ್ಸ್ ತಿಂಗಳುಗಟ್ಟಲೆ ಕೂತು ಹೊಂದಿಸಿದ ಕಂದು ಹಡಗು, ತೊಗಲಂಗಿ ಎರಡೂ ಅದರ ಪಕ್ಕದಲ್ಲಿ ಕಳೆಗುಂದುತ್ತಿದ್ದವು.