ಕಣ್ಗಾವಲು ಕಾವಲಲ್ಲ

ಮೊನ್ನೆ ಮಂಗಳೂರಿನಲ್ಲಿ ಒಂದು ಸಣ್ಣ ಸಭೆ. ಫೋನುಗಳ ಮೇಲೆ ಸರ್ಕಾರದ ನಿಗಾ, ಬೀದಿ ಬೀದಿಯ ಕ್ಯಾಮೆರಾ, ನಾಗರಿಕ ಸ್ವಾತಂತ್ರ್ಯ ಅಂತ ಮಾತುಕತೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಕಣ್ಗಾವಲು ಅಂದ್ರೂ ಕಾವಲೇ ಅಲ್ವಾ ಮಾರಾಯ್ರೆ? ಕಾವಲುಗಾರನಿಗೆ ಹೆದರುವುದು ಕಳ್ಳ ಮಾತ್ರ" ಎಂದರು. ಜೋರು ಚಪ್ಪಾಳೆ ಬಿತ್ತು. ಈ ಮಾತನ್ನು ಹೋಟೆಲಿನಲ್ಲಿ, ರೈಲಿನಲ್ಲಿ, ನೆಂಟರ ಮನೆಯ ಜಗಲಿಯಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಇದು ಕಾನೂನಿನ ವಾದದಂತೆ ಕಾಣುತ್ತದೆ, ಆದರೆ ನಿಂತಿರುವುದು ಒಂದು ಪದದ ಮೇಲೆ. ಆ ಪದವನ್ನೇ ತಪ್ಪಾಗಿ ಓದಿಕೊಂಡಿದ್ದೇವೆ.

ಕಣ್ಣು ಮತ್ತು ಕಾವಲು ಸೇರಿ ಕಣ್ಗಾವಲು. ಸಂಧಿ ಬಿಡಿಸುವುದು ಎಲ್ಲರಿಗೂ ಗೊತ್ತು. ಗೊಂದಲ ಇರುವುದು 'ಕಾವಲಿ'ನಲ್ಲಿ, ಹಾಗಾಗಿ ಅಲ್ಲಿಂದಲೇ ಹೊರಡೋಣ. ಮೂಲ ಧಾತು 'ಕಾ'. ಕಾಯು, ಕಾಪು, ಕಾಪಾಡು, ಕಾವಲು ಎಲ್ಲ ಅದರ ಮಕ್ಕಳು. ತಮಿಳು, ಮಲಯಾಳದಲ್ಲಿ ಕಾವಲ್, ತೆಲುಗಿನಲ್ಲಿ ಕಾವಲಿ. ದ್ರಾವಿಡ ಭಾಷೆಗಳ ಹಳೆಯ ಸಮಾನ ಸೊತ್ತು ಇದು. ಬಸ್ಸಿಗೂ ಕಾಯುತ್ತೇವೆ, ದನವನ್ನೂ ಕಾಯುತ್ತೇವೆ. ತುಳುವಿನ 'ಕಾಪುನಿ'ಗೂ ಇವೆರಡೂ ಅರ್ಥ ಉಂಟು. ನಿರೀಕ್ಷಿಸುವುದಕ್ಕೂ ರಕ್ಷಿಸುವುದಕ್ಕೂ ಒಂದೇ ಕ್ರಿಯಾಪದ ಹೇಗೆ ಸಾಕಾಯಿತು ಎಂದು ಯೋಚಿಸಿದರೆ ಕಾವಲಿನ ಗುಣ ತಿಳಿಯುತ್ತದೆ. ಕಾವಲಿಗೆ ಕೂತವನು ಹೊರಗಿನಿಂದ ಬರಬಹುದಾದ ಒಂದರ ದಾರಿ ನೋಡುತ್ತಾ ಕೂತಿರುತ್ತಾನೆ. ಅವನ ಕೆಲಸವೇ ಕಾಯುವುದು, ಎರಡೂ ಅರ್ಥದಲ್ಲಿ.

ಇದನ್ನು ನನಗೆ ತಿಳಿಸಿಕೊಟ್ಟದ್ದು ನಿಘಂಟಲ್ಲ, ಅಜ್ಜ. ಕಾರ್ಕಳದ ಹತ್ತಿರ ನಮ್ಮದು ಗುಡ್ಡೆ ಬದಿಯ ಗದ್ದೆ. ಏಣೆಲು, ಅಂದರೆ ಮಳೆಗಾಲದ ಭತ್ತ, ತೆನೆ ಬಿಡುವ ಹೊತ್ತಿಗೆ ಹಂದಿ ಕಾಟ. ನಾಲ್ಕು ಕಂಬ, ಅದರ ಮೇಲೊಂದು ಅಟ್ಟ, ಮಡಲಿನ ಮಾಡು, ಒಂದು ಲಾಟೀನು, ಬಡಿಯಲಿಕ್ಕೆ ಎಣ್ಣೆಯ ಹಳೇ ಡಬ್ಬ. ಮೊದಲ ರಾತ್ರಿ ನಾನು ಶ್ರದ್ಧೆಯಿಂದ ಗದ್ದೆಯನ್ನೇ ದಿಟ್ಟಿಸುತ್ತಾ ಕೂತಿದ್ದೆ. ಅಜ್ಜ ಎರಡೂ ಭುಜ ಹಿಡಿದು ನನ್ನನ್ನು ಗುಡ್ಡೆಯ ಕಡೆಗೆ ತಿರುಗಿಸಿ ಕೂರಿಸಿದರು. "ಗದ್ದೆ ನೋಡಿ ಎಂತ ಮಾಡ್ತಿ? ಅದು ಎಲ್ಲಿಗೂ ಓಡುವುದಿಲ್ಲ. ಹಂದಿ ಬರುವ ದಾರಿ ನೋಡು."

ಕಾವಲೆಂದರೆ ಅದು. ಬೆನ್ನು ಕಾಯಬೇಕಾದದ್ದರ ಕಡೆಗೆ, ಮುಖ ಅಪಾಯದ ಕಡೆಗೆ. ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ಕರಾವಳಿ ಕಾವಲು ಪೊಲೀಸ್ ಪಡೆಯ ಹೆಸರಿನಲ್ಲಿ ಆ ಪದ ಸರಿಯಾಗಿಯೇ ಕೂತಿದೆ, ಯಾಕೆಂದರೆ ಅವರ ದೋಣಿಗಳ ಮುಖ ಕಡಲಿಗೆ. ಕಣ್ಗಾವಲಿನಲ್ಲಿ ಆಗುವುದು ತಿರುವುಮುರುವು. ಅಟ್ಟದ ಮೇಲಿರುವವನು ಗದ್ದೆಯ ಕಡೆಗೆ ತಿರುಗಿ ಕೂತು ಒಂದೊಂದೇ ತೆನೆಯ ಲೆಕ್ಕ ಬರೆದುಕೊಳ್ಳುತ್ತಾನೆ. ಅವನ ಕೈಯಲ್ಲೂ ಲಾಟೀನು ಇರಬಹುದು, ಡಬ್ಬ ಇರಬಹುದು. ಹಂದಿ ಬಂದಾಗ ಬಡಿಯಲೂಬಹುದು. ಆದರೂ ಅವನು ಕೂತಿರುವ ದಿಕ್ಕು ಬೇರೆ, ದಿಕ್ಕು ಬೇರೆಯಾದ ಮೇಲೆ ಕೆಲಸವೂ ಬೇರೆ.

ಕರಾವಳಿಯಲ್ಲಿ ಈ ತಿರುವಿಗೆ ಸರ್ಕಾರವೇ ಬೇಕೆಂದಿಲ್ಲ. ಬಸ್ಸಿನಲ್ಲಿ ಯಾವ ಹುಡುಗಿ ಯಾರ ಪಕ್ಕ ಕೂತಳು ಎಂದು ಫೋಟೋ ತೆಗೆದು ಹಂಚುವವರೂ ತಮ್ಮನ್ನು ಕಾಯುವವರೆಂದೇ ಕರೆದುಕೊಳ್ಳುತ್ತಾರೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದವರು ಕೂಡ ಸಂಸ್ಕೃತಿಯನ್ನು ಕಾಯುತ್ತಿದ್ದೇವೆ ಅಂದಿದ್ದರು. 'ಕಾಯು' ಅಂಥವರ ಬಾಯಲ್ಲಿ ಸವೆಯುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಇನ್ನು ಕಣ್ಣು. ಕನ್ನಡದ ಕಣ್ಣು ಮುಗ್ಧವೇನಲ್ಲ. ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತೇವೆ, ನಿಜ. ಆದರೆ ಪರರ ಸೊತ್ತಿನ ಮೇಲೆ ಕಣ್ಣು ಹಾಕುವುದೂ ಅದೇ ಕಣ್ಣು, ಮಗುವಿಗೆ ತಾಗುವುದೂ ಅದೇ. ಕೆನ್ನೆಗೆ ಕಪ್ಪು ಬೊಟ್ಟಿಡುವ ತಾಯಿಗೆ ನೋಟವೇ ಒಂದು ಹೊರೆ ಎಂದು ಗೊತ್ತು. ನೋಡುವವರು ಒಳ್ಳೆಯವರೇ ಇರಬಹುದು, ಆದರೂ ಬೊಟ್ಟು ಇಡುತ್ತಾಳೆ.

ಈ ಗೊಂದಲ ನಮ್ಮಲ್ಲೇ ಹುಟ್ಟಿದ್ದೂ ಅಲ್ಲ. ಇಂಗ್ಲಿಷಿನ 'ಸರ್ವೇಲೆನ್ಸ್' ಫ್ರೆಂಚಿನಿಂದ ಬಂದದ್ದು. 'ಸುರ್' ಅಂದರೆ ಮೇಲೆ, 'ವೇಯೆ' ಅಂದರೆ ಎಚ್ಚರವಾಗಿರು. ಅದರ ಹಿಂದಿನ ಲ್ಯಾಟಿನ್ ಧಾತುವಿನಿಂದಲೇ 'ವಿಜಿಲೆನ್ಸ್', ಅಂದರೆ ನಮ್ಮ ಜಾಗೃತ ಆಯೋಗದ ಜಾಗೃತಿ. ರೋಗಿಯ ಪಕ್ಕ ರಾತ್ರಿಯಿಡೀ ಕೂರುವುದಕ್ಕೂ ಫ್ರೆಂಚರು 'ವೇಯೆ' ಎಂಬ ಆ ಕ್ರಿಯಾಪದವನ್ನೇ ಬಳಸುತ್ತಾರೆ. 1793ರಲ್ಲಿ ಕ್ರಾಂತಿ ಸರ್ಕಾರ ಊರೂರಿನಲ್ಲಿ ಸರ್ವೇಲೆನ್ಸ್ ಸಮಿತಿಗಳನ್ನು ಮಾಡಿ ಪರಕೀಯರ ಮೇಲೆ, ಆಮೇಲೆ ಯಾರ ಮೇಲೆ ಸಂಶಯವೋ ಅವರ ಮೇಲೆಲ್ಲ ಕಣ್ಣಿಟ್ಟಿತು. ಜಾಗರಣೆಯ ಪದ ಜೈಲಿನ ಪದವಾದದ್ದು ಹಾಗೆ. ಕನ್ನಡಕ್ಕೆ ತಂದವರು ಮೂಲದ ಮೃದು ಅರ್ಥವನ್ನೇ ಹಿಡಿದು 'ಕಾವಲು' ಸೇರಿಸಿದರು. ಅನುವಾದ ತಪ್ಪೆಂದು ಹೇಳಲಾರೆ. ಅದರ ಒಳಗಿರುವ ಸಮಾಧಾನ ಮಾತ್ರ ತಪ್ಪು.

ಸಮಾಧಾನವಿಲ್ಲದ ಪದವೂ ನಮ್ಮಲ್ಲಿ ಉಂಟಲ್ಲ! ಕದ್ದಾಲಿಕೆ. ಕದ್ದು ಆಲಿಸುವುದು. ಟೆಲಿಫೋನ್ ಕದ್ದಾಲಿಕೆಯ ಆರೋಪದಲ್ಲಿ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಆ ಪದ ನಮ್ಮ ನಾಲಗೆಯಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ, ಕಾನೂನುಬದ್ಧ ಆದೇಶ ಹೊರಡಿಸಿ ಕೇಳಿಸಿಕೊಂಡರೂ ಕನ್ನಡಿಗ ಅದನ್ನು ಕದ್ದಾಲಿಕೆ ಎಂದೇ ಕರೆಯುತ್ತಾನೆ. ನೋಡಿ, ಸರ್ಕಾರ ಒಂದೇ, ಜನರ ಖಾಸಗಿ ಬದುಕೂ ಒಂದೇ. ಕಿವಿಯಿಂದ ಮಾಡಿದರೆ ನಮ್ಮ ಭಾಷೆ ಅದನ್ನು ಕಳವು ಎನ್ನುತ್ತದೆ, ಕಣ್ಣಿನಿಂದ ಮಾಡಿದರೆ ಕಾವಲು ಎನ್ನುತ್ತದೆ. ಸಭೆಯಲ್ಲಿ ಎದ್ದವರು "ಕದ್ದಾಲಿಸಿದರೆ ಏನಾಯ್ತು?" ಎಂದು ಕೇಳಿದ್ದರೆ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ ಎಂದು ನನಗೆ ಖಂಡಿತ ಅನಿಸುತ್ತದೆ.

ಕದ್ದಾಲಿಕೆ ಖಾಸಗಿತನಕ್ಕೆ ಧಕ್ಕೆ ತರುತ್ತದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿ ಒಂದಿಷ್ಟು ಕಟ್ಟುಪಾಡು ಹಾಕಿತು. ಆದರೂ ಆದೇಶ ಕೊಡುವುದು ಗೃಹ ಕಾರ್ಯದರ್ಶಿ, ಪರಿಶೀಲಿಸುವ ಸಮಿತಿಯಲ್ಲೂ ಅಧಿಕಾರಿಗಳೇ. ನ್ಯಾಯಾಧೀಶರ ಮುಂದೆ ಹೋಗಿ ಅನುಮತಿ ಕೇಳಬೇಕಾಗಿಲ್ಲ.

ಕಾವಲುಗಾರ ಮುಖ ತಿರುಗಿಸಿದ ಕತೆ ನಮ್ಮ ಕಾನೂನಿನ ಇತಿಹಾಸದಲ್ಲೇ ದಾಖಲಾಗಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು ಡಕಾಯಿತಿ ಪ್ರಕರಣದಲ್ಲಿ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟರು. ಬಿಟ್ಟ ಮೇಲೂ ಪೊಲೀಸರು ಅವರ ಹೆಸರಿನಲ್ಲಿ ಹಿಸ್ಟರಿ ಶೀಟ್, ಅಂದರೆ ನಿಗಾ ಇಡಬೇಕಾದವರ ಕಡತ, ತೆರೆದರು. ರಾತ್ರಿ ಹೊತ್ತು ಬಂದು ಬಾಗಿಲು ಬಡಿದು, ಕೂಗಿ ಎಬ್ಬಿಸುತ್ತಿದ್ದರು. ಹಾಗೆ ಬರುತ್ತಿದ್ದವರಲ್ಲಿ ಊರಿನ ಚೌಕಿದಾರನೂ ಇದ್ದ ಎಂದು ಅವರ ಅರ್ಜಿ ಹೇಳುತ್ತದೆ. ಚೌಕಿದಾರ! ಊರಿಗೆ ಬೆನ್ನು ಕೊಟ್ಟು ನಿಲ್ಲಬೇಕಾದವನು. 1962ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರಾತ್ರಿಯ ಭೇಟಿಗಳನ್ನು ರದ್ದು ಮಾಡಿತು, ಆದರೆ ಖಾಸಗಿತನ ಎಂಬ ಮೂಲಭೂತ ಹಕ್ಕು ಸಂವಿಧಾನದಲ್ಲಿ ಇಲ್ಲ ಎಂದೂ ಹೇಳಿತು. ಆ ಮಾತು ಬಿದ್ದುಹೋಗಲು 55 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ತಳ್ಳಿಹಾಕಿದರು. ಆ ಪ್ರಕರಣ ನಮ್ಮವರದ್ದೇ ಹೆಸರಿನಲ್ಲಿದೆ. ಆಧಾರ್ ವಿರುದ್ಧ 2012ರಲ್ಲಿ ಕೋರ್ಟಿಗೆ ಹೋದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು.

ಖರಕ್ ಸಿಂಗ್ ಒಬ್ಬ ವ್ಯಕ್ತಿ, ಅವರ ಮೇಲೆ ಒಂದು ಶೀಟ್. ಈಗ ಶೀಟ್ ಎಲ್ಲರ ಹೆಸರಿನಲ್ಲೂ ತೆರೆಯುತ್ತದೆ, ಸಂಶಯ ಹುಟ್ಟುವ ಮೊದಲೇ. ಜಗತ್ತಿಗೆ ಇದು ಸ್ಪಷ್ಟವಾದದ್ದು 2013ರ ಜೂನ್‌ನಲ್ಲಿ, ಅಮೆರಿಕದ ಗುಪ್ತಚರ ಸಂಸ್ಥೆಗೆ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆ ತಂದ ಕಡತಗಳಿಂದ. ಮೊದಲು ಪ್ರಕಟವಾದದ್ದು ವೆರಿಝಾನ್ ಎಂಬ ಫೋನ್ ಕಂಪನಿಗೆ ಅಲ್ಲಿನ ರಹಸ್ಯ ನ್ಯಾಯಾಲಯ ಕೊಟ್ಟ ಆದೇಶ. ಗ್ರಾಹಕರ ಎಲ್ಲ ಕರೆಗಳ ವಿವರವನ್ನು ದಿನಾಲೂ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಗೆ ಕೊಡಬೇಕು ಎಂದು ಅದರಲ್ಲಿತ್ತು. ಅದಕ್ಕೆ ಮೂರೇ ತಿಂಗಳ ಮೊದಲು, ಕೋಟ್ಯಂತರ ಅಮೆರಿಕನ್ನರ ಮಾಹಿತಿ ಸಂಗ್ರಹಿಸುತ್ತೀರಾ ಎಂದು ಸೆನೆಟಿನಲ್ಲಿ ಕೇಳಿದ್ದಕ್ಕೆ ಗುಪ್ತಚರ ಮುಖ್ಯಸ್ಥ ಜೇಮ್ಸ್ ಕ್ಲಾಪರ್ ಇಲ್ಲ ಎಂದಿದ್ದರು.

"ಮಾತು ಕೇಳಿಲ್ಲವಲ್ಲ, ನಂಬರ್ ಮಾತ್ರ ತಗೊಂಡದ್ದು" ಎಂಬ ಸಮಜಾಯಿಷಿ ಆಗ ಬಂತು, ಇಲ್ಲಿಯೂ ಬರುತ್ತದೆ. ಉಡುಪಿಯ ಒಬ್ಬರು ಬೆಳಿಗ್ಗೆ ಕ್ಯಾನ್ಸರ್ ಡಾಕ್ಟರಿಗೆ ಎರಡು ನಿಮಿಷ, ಮಧ್ಯಾಹ್ನ ವಿಮಾ ಕಚೇರಿಗೆ ಇಪ್ಪತ್ತು ನಿಮಿಷ, ರಾತ್ರಿ ದುಬೈಯಲ್ಲಿರುವ ಮಗನಿಗೆ ಒಂದು ಗಂಟೆ ಫೋನ್ ಮಾಡಿದರು. ಒಂದು ಮಾತನ್ನೂ ಕೇಳದೆ ಆ ಮನೆಯಲ್ಲಿ ಏನಾಗಿದೆ ಎಂದು ನೀವೇ ಹೇಳಬಲ್ಲಿರಿ. ಆ ಸಂಗ್ರಹಕ್ಕೆ ಕಾಯ್ದೆಯ ಬಲವಿಲ್ಲ ಎಂದು 2015ರ ಮೇಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೇ ಹೇಳಿತು. ಮರುತಿಂಗಳು ಹೊಸ ಕಾಯ್ದೆ ಬಂದು ಆ ಪದ್ಧತಿಗೆ ತೆರೆ ಎಳೆಯಿತು.

ಇಲ್ಲಿ ನನ್ನ ಎರಡನೇ ತಕರಾರು. ಸ್ನೋಡೆನ್‌ಗೆ ಕೆಲವರು ಬೇಹುಗಾರ ಎಂದು ಬರೆಯುತ್ತಾರೆ. ಕೇಸು ಹಾಕಿದ್ದು 1917ರ ಬೇಹುಗಾರಿಕೆ ಕಾಯ್ದೆಯಡಿ, ಅದು ಹೌದು. ಆದರೆ ಬೇಹು ಹಳೆಯ ಪದ, ಅದಕ್ಕೊಂದು ನಡೆ ಇದೆ. ತಮಿಳಿನ ವೇವು, ತೆಲುಗಿನ ವೇಗು, ನಮ್ಮ ಬೇಹು ಒಂದೇ ಬಳಗ. ವಕಾರ ನಮ್ಮಲ್ಲಿ ಬಕಾರವಾಯಿತು. ಬೇಹುಗಾರ ಹೊರಗಿನ ಗುಟ್ಟನ್ನು ತನ್ನ ಅರಸನ ಕಿವಿಗೆ ತಂದು ಹಾಕುತ್ತಾನೆ. ಅರಸ ಮುಚ್ಚಿಟ್ಟದ್ದನ್ನು ಊರಿಗೆ ಹೇಳುವವನನ್ನು ಹಾಗೆ ಕರೆದರೆ ಪದದ ನಡೆಯೇ ತಲೆಕೆಳಗಾಗುತ್ತದೆ. ಸ್ನೋಡೆನ್ ಬೇಕಾದ್ದಕ್ಕಿಂತ ಹೆಚ್ಚು ಕಡತ ಎತ್ತಿದರು, ರಷ್ಯಾದಲ್ಲಿ ನೆಲೆ ನಿಂತರು ಎಂದು ಆಕ್ಷೇಪಿಸುವವರಿದ್ದಾರೆ. ಆ ಚರ್ಚೆ ಆಗಲಿ, ಸರಿಯಾದ ಪದ ಇಟ್ಟುಕೊಂಡು ಆಗಲಿ.

ಚಾಡಿಕೋರ ಅನ್ನುವುದಂತೂ ಇನ್ನೂ ಕೆಟ್ಟದ್ದು. ಚಾಡಿ ಹೋಗುವುದು ಮೇಲಿನವರ ಕಿವಿಗೆ, ಹೇಳುವವನ ಲಾಭಕ್ಕೆ. 'ಮಾಹಿತಿದಾರ' ಎಂದರೆ ಪೊಲೀಸರ ಮನುಷ್ಯ. ಒಳಗಿದ್ದುಕೊಂಡೇ ಅಕ್ರಮವನ್ನು ಹೊರಗೆ ಹೇಳುವವರಿಗಿರುವ ವಿಸಿಲ್ ಬ್ಲೋವರ್ ಎಂಬ ಪದಕ್ಕೆ ಇಂಗ್ಲಿಷಿನಲ್ಲೂ ಮೊದಲು ಗೌರವವಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಅದಕ್ಕೆ ಮರ್ಯಾದೆ ತಂದುಕೊಟ್ಟರು. ಮಂಗಳೂರಿನವರಿಗೆ ಇದನ್ನು ವಿವರಿಸಬೇಕಾದ ಕಷ್ಟವೇ ಇಲ್ಲ. ನಮ್ಮ ಸಿಟಿ ಬಸ್ಸಿನ ಕಂಡಕ್ಟರನನ್ನು ನೋಡಿ. ಹಂಪನಕಟ್ಟೆಯ ರಶ್ಶಿನಲ್ಲಿ ಡ್ರೈವರಿಗೆ ಹಿಂದಿನ ಬಾಗಿಲು ಕಾಣುವುದಿಲ್ಲ. ಅಜ್ಜಿಯ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯಲ್ಲಿ, ಬಸ್ಸು ಆಗಲೇ ಅಲುಗಿದೆ. ತುಟಿಯ ತುದಿಯಲ್ಲಿದ್ದ ವಿಸಿಲನ್ನು ಕಂಡಕ್ಟರ್ ಉದ್ದಕ್ಕೆ ಊದುತ್ತಾನೆ. ಬಸ್ಸು ನಿಲ್ಲುತ್ತದೆ. ಅವನು ಆ ಬಸ್ಸಿನವನೇ, ಅದರ ಸಂಬಳವೇ ತಿನ್ನುವವನು. ಅದಕ್ಕೇ ಅವನಿಗೆ ಕಂಡದ್ದು, ಅದಕ್ಕೇ ಊದಬೇಕಾದದ್ದು.

ಊದಿದವರಿಗೆ ಈ ದೇಶದಲ್ಲಿ ಏನಾಗುತ್ತದೆ ಎಂಬುದು ಪದಕೋಶದ ಆಚೆಯ ಮಾತಾದರೂ ಹೇಳದೆ ಹೋಗಲಾರೆ. ಹೆದ್ದಾರಿ ಪ್ರಾಧಿಕಾರದ ಇಂಜಿನಿಯರ್ ಸತ್ಯೇಂದ್ರ ದುಬೆ ಅಕ್ರಮಗಳ ಬಗ್ಗೆ 2002ರಲ್ಲಿ ಪ್ರಧಾನಿಗೆ ಪತ್ರ ಬರೆದು, ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಸಿಬಿಐ ಅದನ್ನು ದರೋಡೆ ಎಂದಿತು. ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ, ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಪೆಟ್ರೋಲ್ ಬಂಕಿಗೆ ಬೀಗ ಹಾಕಿದ್ದಕ್ಕೆ 2005ರ ನವೆಂಬರ್‌ನಲ್ಲಿ ಕೊಲೆಯಾದರು. 27 ವರ್ಷ ವಯಸ್ಸು. ಇಂಥವರ ರಕ್ಷಣೆಗೆ ಮಾಡಿದ ಕಾಯ್ದೆಗೆ 2014ರ ಮೇ 9ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಡದೆ ವರ್ಷಗಳೇ ಉರುಳಿವೆ. ಜನರನ್ನು ನೋಡುವ ಕಣ್ಣುಗಳಿಗೆ ಮಾತ್ರ ಇಂಥ ವಿಳಂಬ ಆಗಿಲ್ಲ.

ನಮ್ಮ ವಸತಿ ಸಮುಚ್ಚಯದ ಗೇಟಿನಲ್ಲಿ "ನಿಮ್ಮ ರಕ್ಷಣೆಗಾಗಿ ಈ ಸ್ಥಳ ಕಣ್ಗಾವಲಿನಲ್ಲಿದೆ" ಎಂಬ ಬೋರ್ಡು ಇದೆ. ಸಭೆಯ ಮರುದಿನ ಸಂಘದವರಲ್ಲಿ ಕೇಳಿ, ಅದನ್ನು ತಿದ್ದಿ ಬರೆದುಕೊಡಲು ಕೂತೆ. 'ರಕ್ಷಣೆಗಾಗಿ' ತೆಗೆದೆ. 'ಇಲ್ಲಿ ಕ್ಯಾಮೆರಾ ಇದೆ' ಎಂದು ಬರೆದೆ. 'ಚಿತ್ರ ಇಷ್ಟು ದಿನ ಉಳಿಯುತ್ತದೆ' ಎಂಬಲ್ಲಿ ಕ್ಯಾಮೆರಾ ಹಾಕಿದವರನ್ನು ವಿಚಾರಿಸಿ 30 ಎಂದು ತುಂಬಿಸಿದೆ. 'ಇದನ್ನು ನೋಡುವವರು' ಎಂದು ಬರೆದು ಕಾರ್ಯದರ್ಶಿಯನ್ನು ಕೇಳಿದೆ. ಅವರು ವಾಚ್‌ಮ್ಯಾನನ್ನು ಕೇಳಿದರು. ವಾಚ್‌ಮ್ಯಾನ್ ತಾನಲ್ಲ, ತನ್ನ ಟೀವಿಯಲ್ಲಿ ಎರಡೇ ಕ್ಯಾಮೆರಾ ಬರುವುದು, ಉಳಿದ ಹದಿನಾಲ್ಕು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ ಎಂದ. ಆ ಸಾಲು ಖಾಲಿಯೇ ಇದೆ, ಹಾಗಾಗಿ ಹೊಸ ಬೋರ್ಡು ಇನ್ನೂ ಬರೆಸಿಲ್ಲ.